ಗೋಡೆ ಟೈಲ್ ಯಾಕೆ ಕಳಚಿತು? ಅಂಟಿಸುವ ಮೊದಲು ಅದರ ಬೆನ್ನು ನೋಡಿ

ಬಚ್ಚಲು ಮನೆಯಲ್ಲೋ ಅಡುಗೆಮನೆಯಲ್ಲೋ ಗೋಡೆಯ ಒಂದು ಟೈಲ್ ಕಳಚಿ ಬಿತ್ತು ಅಂದುಕೊಳ್ಳಿ. ಸಾಮಾನ್ಯವಾಗಿ ಗಾರೆ ಕೆಲಸದವರನ್ನು ಕರೆಸುತ್ತೇವೆ. ಅವರು ಹಳೇ ಸಿಮೆಂಟ್ ಒಂದಿಷ್ಟು ಕೆರೆದು, ಬಿದ್ದ ಟೈಲಿಗೆ ಹೊಸದು ಮೆತ್ತಿ, ಅದೇ ಜಾಗಕ್ಕೆ ಒತ್ತಿ ಹೋಗುತ್ತಾರೆ. ಮುಂದಿನ ಬೇಸಿಗೆಯಲ್ಲಿ ಅದರ ಪಕ್ಕದ್ದು ಬೀಳುತ್ತದೆ. ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಇದನ್ನು ತುಂಬಾ ನೋಡುತ್ತೇನೆ. ದುಡ್ಡು ಎರಡೆರಡು ಸಲ ಖರ್ಚು, ಮನೆಯವರಿಗೆ ಬೇಜಾರು, ಕೆಲಸ ಮಾಡಿದವರಿಗೆ ಕೆಟ್ಟ ಹೆಸರು.

ಕಾರಣ ಹುಡುಕದೆ ಅಂಟಿಸಿದರೆ ಹೀಗೇ ಆಗುವುದು. ಗೋಡೆಯಲ್ಲಿ ಒಂದರ ಮೇಲೊಂದು ಪದರಗಳಿವೆ. ಇಟ್ಟಿಗೆ ಅಥವಾ ಬ್ಲಾಕು, ಅದರ ಮೇಲೆ ಗಿಲಾವು, ಅದರ ಮೇಲೆ ಸಿಮೆಂಟ್ ಹಾಲು (ನೀರಿನಲ್ಲಿ ಕಲಸಿದ ಬರೀ ಸಿಮೆಂಟ್) ಅಥವಾ ಟೈಲ್ ಗಮ್ (ಟೈಲ್ ಅಂಟಿಸಲೆಂದೇ ಬರುವ ಪುಡಿ ಅಂಟು), ಕೊನೆಗೆ ಟೈಲ್. ಇವುಗಳಲ್ಲಿ ಯಾವ ಎರಡರ ನಡುವೆ ಹಿಡಿತ ಬಿಟ್ಟಿದೆ ಅನ್ನುವುದೇ ಮೊದಲ ಪ್ರಶ್ನೆ. ಉತ್ತರ ಬಹುತೇಕ ಬಿದ್ದ ಟೈಲಿನ ಬೆನ್ನಿನಲ್ಲೇ ಇರುತ್ತದೆ. ಹಾಗಾಗಿ ಅದನ್ನು ಎಸೆಯಬೇಡಿ, ತೊಳೆಯಲೂ ಬೇಡಿ. ಇದ್ದ ಹಾಗೇ ಎತ್ತಿಡಿ.

ಮೊದಲು ಇಡೀ ಗೋಡೆ ತಟ್ಟಿ

ಒಂದು ಟೈಲ್ ಬಿದ್ದರೆ ಉಳಿದವು ಹೇಗಿವೆ ಅಂತ ತಿಳಿಯಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದಲೋ ದಪ್ಪ ನಾಣ್ಯದಿಂದಲೋ ಪ್ರತಿ ಟೈಲಿನ ನಾಲ್ಕು ಮೂಲೆ ಮತ್ತು ನಡುಭಾಗ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಹಿಂದೆ ತುಂಬಿದೆ. ಟೊಳ್ಳು ಸದ್ದು ಬಂದರೆ ಹಿಂದೆ ಗಾಳಿ ಇದೆ. ಟೊಳ್ಳು ಇರುವಲ್ಲೆಲ್ಲ ಚಾಕ್‌ಪೀಸಿನಿಂದ ಗುರುತು ಹಾಕಿ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ನಿಂತು ಗುರುತುಗಳನ್ನು ಒಟ್ಟಿಗೆ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಗುರುತು ಎಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಎಲ್ಲ ಟೈಲಿನ ಮೂಲೆಗಳು ಮಾತ್ರ ಟೊಳ್ಳಾಗಿದ್ದರೆ ಗಮ್ ಮೂಲೆ ತನಕ ಹೋಗಿಲ್ಲ. ನಲ್ಲಿ, ಶವರ್ ಸುತ್ತ ಮಾತ್ರ ಇದ್ದರೆ ನೀರಿನ ಮೇಲೆ ಅನುಮಾನ ಪಡಿ. ನೆಲದಿಂದ ಮೂರಡಿ ತನಕ ಪಟ್ಟಿಯ ಹಾಗೆ ಇದ್ದರೆ ಥಂಡಿ ಕೆಳಗಿನಿಂದ ಏರುತ್ತಿದೆ. ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯಲ್ಲಿದ್ದರೆ ಅಲ್ಲಿ ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುತ್ತಿರಬಹುದು. ಅಲ್ಲಿ ಇಲ್ಲಿ ಚದುರಿದ ಹಾಗಿದ್ದರೆ ಕೆಲಸದ ಕೈಯಲ್ಲಿ ಹೆಚ್ಚುಕಮ್ಮಿ ಆಗಿದೆ.

ಒಂದು ಸಣ್ಣ ಮೂಲೆ ಟೊಳ್ಳು ಸದ್ದು ಕೊಟ್ಟ ಮಾತ್ರಕ್ಕೆ ಕಿತ್ತುಹಾಕುವುದು ಬೇಡ. ಒಣ ಗೋಡೆಯಲ್ಲಿ ಅಂಥದ್ದು ವರ್ಷಗಟ್ಟಲೆ ಸುಮ್ನೆ ಇರುತ್ತದೆ. ಆದರೆ ತಲೆಗಿಂತ ಎತ್ತರದಲ್ಲಿ ದೊಡ್ಡ ಟೈಲ್ ಇದ್ದು ಅರ್ಧಕ್ಕಿಂತ ಜಾಸ್ತಿ ಟೊಳ್ಳಾಗಿದ್ದರೆ ಕಾಯಬೇಡಿ. 2 ಅಡಿಗೆ 4 ಅಡಿಯ ವಿಟ್ರಿಫೈಡ್ ಟೈಲ್ (ನೀರು ಹೀರದಷ್ಟು ಗಟ್ಟಿಯಾಗಿ ಸುಟ್ಟ ಟೈಲ್) ಸುಮಾರು 15 ಕಿಲೋ ತೂಗುತ್ತದೆ. ಮಕ್ಕಳು ಸ್ನಾನ ಮಾಡುವ ಜಾಗ ಅದು. ತೆಗೆಸುವ ತನಕ ಆ ಗೋಡೆಯ ಹತ್ತಿರ ಯಾರನ್ನೂ ಬಿಡಬೇಡಿ.

ಬೆನ್ನು ಏನು ಹೇಳುತ್ತದೆ

ಈಗ ಬಿದ್ದ ಟೈಲನ್ನು ತಿರುಗಿಸಿ. ಯಾವುದೂ ಬಿದ್ದಿಲ್ಲದಿದ್ದರೆ ಟೊಳ್ಳು ಜಾಸ್ತಿ ಇರುವ ಒಂದನ್ನು ಜೋಪಾನವಾಗಿ ತೆಗೆಸಿ.

ಬೆನ್ನು ಪೂರ್ತಿ ಚೊಕ್ಕಟವಾಗಿದ್ದು, ಸಿಮೆಂಟೆಲ್ಲ ಗೋಡೆಯಲ್ಲೇ ಉಳಿದಿದೆಯಾ? ಹಾಗಾದರೆ ಟೈಲ್ ಅಂಟನ್ನು ಹಿಡಿದೇ ಇಲ್ಲ. ನಮ್ಮ ಕಡೆ ಇದೇ ಜಾಸ್ತಿ. ಬೆನ್ನಿನ ಮೇಲೆ ನಾಲ್ಕು ಹನಿ ನೀರು ಹಾಕಿ ಕೆಲವು ನಿಮಿಷ ನೋಡಿ. ನೀರು ಇಂಗಿದರೆ ಅದು ಸೆರಾಮಿಕ್. ಹನಿ ಹಾಗೇ ನಿಂತರೆ ವಿಟ್ರಿಫೈಡ್. ಗೋಡೆಗೆ ಹಾಕುವ ಮಾಮೂಲಿ ಸೆರಾಮಿಕ್ ಟೈಲ್ ತನ್ನ ತೂಕದ ಶೇಕಡಾ 10ಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ವಿಟ್ರಿಫೈಡ್ ಕುಡಿಯುವುದು ಶೇಕಡಾ 0.5ಕ್ಕಿಂತ ಕಡಿಮೆ. ಬರೀ ಸಿಮೆಂಟ್ ಹಾಲು ಟೈಲಿನ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿದು ಗಟ್ಟಿಯಾಗಿ ಹಿಡಿಯಬೇಕು. ವಿಟ್ರಿಫೈಡ್‌ನಲ್ಲಿ ಇಳಿಯಲು ಜಾಗವೇ ಇಲ್ಲ. "ಸಾರ್, ಗಮ್ ಯಾಕೆ ಸುಮ್ನೆ ಖರ್ಚು? ಮೂವತ್ತು ವರ್ಷದಿಂದ ಸಿಮೆಂಟಲ್ಲೇ ಕೂರಿಸ್ತಾ ಇದ್ದೀವಿ" ಅಂತ ಅನುಭವ ಇರುವ ಮೇಸ್ತ್ರಿಗಳೂ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆಗ ಅವರ ಕೈಗೆ ಬರುತ್ತಿದ್ದದ್ದು ನೀರು ಕುಡಿಯುವ ಸೆರಾಮಿಕ್. ಈಗ ಟೈಲ್ ಬದಲಾಗಿದೆ, ಅಂಟೂ ಬದಲಾಗಬೇಕು. ಗಮ್ ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿಗೆ ಇರುವ ಭಾರತೀಯ ಮಾನಕ) ಗುರುತು ಇದೆಯಾ, ಯಾವ ಟೈಪ್ ಅಂತ ನೋಡಿ. ಒಳಗೋಡೆಯ ಸೆರಾಮಿಕ್‌ಗೆ ಟೈಪ್ 1 ನಡೆಯುತ್ತದೆ. ವಿಟ್ರಿಫೈಡ್‌ಗೆ ಟೈಪ್ 2 ಅಥವಾ ಅದಕ್ಕಿಂತ ಮೇಲಿನದು ಬೇಕು.

ಸೆರಾಮಿಕ್ ಆಗಿದ್ದೂ ಬೆನ್ನು ಚೊಕ್ಕಟವಾಗಿದ್ದರೆ ಟೈಲನ್ನು ನೆನೆಸದೆ ಹಾಕಿರುತ್ತಾರೆ. ಒಣ ಟೈಲ್ ಸಿಮೆಂಟ್ ಹಾಲಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಸಿಮೆಂಟ್ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ಸಿಮೆಂಟಿನಲ್ಲಿ ಕೂರಿಸುವುದಾದರೆ ಗುಳ್ಳೆ ಬರುವುದು ನಿಲ್ಲುವ ತನಕ ಟೈಲ್ ನೀರಿನಲ್ಲಿರಬೇಕು. ಆಮೇಲೆ ನೆರಳಿನಲ್ಲಿ ಒರಗಿಸಿಟ್ಟು, ಮೇಲಿನ ಪಸೆ ಆರಿದ ಮೇಲೆ ಹಾಕಬೇಕು. ಗಮ್ ಬಳಸುವಾಗ ಈ ನೆನೆಸುವ ಕೆಲಸ ಬೇಡ, ಒದ್ದೆ ಟೈಲಿನಿಂದ ಅಲ್ಲಿ ಕೆಡುಕೇ ಜಾಸ್ತಿ. ಇನ್ನೊಂದು ವಿಷಯ. ವಿಟ್ರಿಫೈಡ್ ಟೈಲಿನ ಬೆನ್ನಿಗೆ ಬಿಳಿ ಪುಡಿ ಅಂಟಿರುತ್ತದೆ. ಅದು ಕುಲುಮೆಯಲ್ಲಿ ಟೈಲ್ ಅಂಟಿಕೊಳ್ಳದಿರಲಿ ಅಂತ ಹಚ್ಚಿದ್ದು. ಒದ್ದೆ ಬಟ್ಟೆಯಲ್ಲಿ ಒರೆಸದೆ ಹಾಕಿದರೆ ಒಳ್ಳೇ ಗಮ್ ಕೂಡ ಆ ಪುಡಿಯನ್ನೇ ಹಿಡಿದುಕೊಳ್ಳುತ್ತದೆ, ಟೈಲನ್ನಲ್ಲ.

ಬೆನ್ನಿನಲ್ಲೋ ಗೋಡೆಯಲ್ಲೋ ಗಮ್ಮಿನ ಗೆರೆಗಳು ಬಾಚಣಿಗೆ ಎಳೆದ ಹಾಗೆ ನಿಂತಿವೆಯಾ? ಹಲ್ಲಿನ ಕರಣೆಯಲ್ಲಿ ಎಳೆದ ಗೆರೆ ಒತ್ತಿದಾಗ ಚಪ್ಪಟೆಯಾಗಿ ಒಂದಾಗಬೇಕಿತ್ತು. ಆಗಿಲ್ಲ. ಇದಕ್ಕೆ ಎರಡು ಕಾರಣ ಇರಬಹುದು, ಟೈಲನ್ನು ಸರಿಯಾಗಿ ಒತ್ತಿಲ್ಲ ಅಥವಾ ಗಮ್ ಹಚ್ಚಿ ತುಂಬಾ ಹೊತ್ತು ಬಿಟ್ಟಿದ್ದಾರೆ. ಗೆರೆಯ ಮೇಲ್ಭಾಗ ನುಣುಪಾಗಿ, ಕೆನೆ ಕಟ್ಟಿದ ಹಾಗೆ ಇದ್ದರೆ ಎರಡನೆಯದು. ಗಮ್ ಹಚ್ಚಿದ ಮೇಲೆ ಸುಮಾರು 20 ನಿಮಿಷದೊಳಗೆ ಟೈಲ್ ಕೂರಬೇಕು. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ, ಪಶ್ಚಿಮದ ಬಿಸಿಲಿಗೆ ಕಾದ ಗೋಡೆಯಲ್ಲಿ ಅಷ್ಟು ಹೊತ್ತೂ ಸಿಗುವುದಿಲ್ಲ. ಬೆರಳಿನಲ್ಲಿ ಮುಟ್ಟಿ ನೋಡಿ. ಗಮ್ ಬೆರಳಿಗೆ ಅಂಟಿದರೆ ಸರಿ. ಅಂಟದಿದ್ದರೆ ಕೆರೆದು ತೆಗೆದು ಹೊಸದು ಹಚ್ಚಬೇಕು. ಒಂದೇ ಸಲ ಇಡೀ ಗೋಡೆಗೆ ಬಳಿಯುವ ಆತುರ ಬೇಡ, ಹತ್ತು ಚದರಡಿ ಸಾಕು. ಬಚ್ಚಲಿನ ಫ್ಯಾನ್ ಆರಿಸಿಟ್ಟಿರಿ.

ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಅಂತ ಉಂಡೆಗಳು ಕಾಣುತ್ತಿವೆಯಾ? ಇದು ನನಗೆ ನಿಜವಾಗಿ ಸಿಟ್ಟು ತರಿಸುವ ಕೆಲಸ. ಉಂಡೆಗಳ ನಡುವೆ ಬರೀ ಗಾಳಿ. ಬಚ್ಚಲಲ್ಲಿ ಆ ಖಾಲಿ ಜಾಗಕ್ಕೆ ನೀರು ಇಳಿದು ನಿಲ್ಲುತ್ತದೆ. ಟವೆಲ್ ರಾಡ್ ಹಾಕಲು ಡ್ರಿಲ್ ಇಟ್ಟರೆ ಟೈಲ್ ಅಲ್ಲೇ ಒಡೆಯುತ್ತದೆ. ಒಣ ಗೋಡೆಯಲ್ಲಿ ಬೆನ್ನಿನ ಶೇಕಡಾ 80 ಭಾಗಕ್ಕಾದರೂ ಗಮ್ ಹತ್ತಿರಬೇಕು. ನೀರು ಬೀಳುವ ಗೋಡೆಯಲ್ಲಿ ಶೇಕಡಾ 95. ಹಾಗಾದರೆ ಉಂಡೆ ಯಾಕೆ ಇಡುತ್ತಾರೆ? ಗೋಡೆ ತೂಗುಗುಂಡಿಗೆ ಸರಿ ಇರುವುದಿಲ್ಲ. ಉಂಡೆಯನ್ನು ಹೆಚ್ಚುಕಮ್ಮಿ ಒತ್ತಿ ಟೈಲನ್ನು ನೇರ ಮಾಡಿಕೊಳ್ಳುವುದು ಸುಲಭ. ಆದ್ದರಿಂದ ಇಲ್ಲಿ ನಿಜವಾದ ದೋಷ ಗಿಲಾವಿನದು. ಆರಡಿ ಮಟ್ಟಗೋಲು ಇಟ್ಟು ನೋಡಿ, ಎಲ್ಲಿ ಹಳ್ಳ ಎಲ್ಲಿ ಉಬ್ಬು ಅಂತ ಗೊತ್ತಾಗುತ್ತದೆ. ಗೋಡೆಯನ್ನು ಗಿಲಾವಿನಲ್ಲೇ ನೇರ ಮಾಡಿ, ಅದು ಒಣಗಿದ ಮೇಲೆ ಟೈಲ್. ಗಮ್ ಇರುವುದು ಅಂಟಿಸಲು, ಹಳ್ಳ ತುಂಬಲು ಅಲ್ಲ.

ಇನ್ನು ಟೈಲಿನ ಜೊತೆ ಗಿಲಾವೂ ಹಕ್ಕಳೆಯಾಗಿ ಕಿತ್ತು ಬಂದಿದ್ದರೆ ಟೈಲ್ ಕೆಲಸದವರನ್ನು ಬೈಯುವುದು ನ್ಯಾಯ ಅಲ್ಲ. ಅಂಟು ಹಿಡಿದಿದೆ, ಕೈಕೊಟ್ಟಿರುವುದು ಅದರ ಹಿಂದಿನ ಪದರ. ಬರಿದಾದ ಗಿಲಾವಿನ ಮೇಲೆ ಮೊಳೆಯಿಂದ ಗೀರಿ. ತೆಳ್ಳಗೆ ಗೆರೆ ಬಿದ್ದರೆ ಗಟ್ಟಿ ಇದೆ. ಮರಳು ಉದುರಿ ಗುಳಿ ಬಿದ್ದರೆ ಗಿಲಾವು ಸತ್ತಿದೆ. ಎಂ ಸ್ಯಾಂಡಿನಲ್ಲಿ ಕಲ್ಲಿನ ಹುಡಿ ಜಾಸ್ತಿ ಇದ್ದಾಗ, ಸಿಮೆಂಟ್ ಕಡಿಮೆ ಮಾಡಿದಾಗ, ನೀರು ಹಾಕದೆ ಬಿಟ್ಟಾಗ ಹೀಗಾಗುತ್ತದೆ. ಹೊಸ ಗಿಲಾವಿಗೆ ಕನಿಷ್ಠ 7 ದಿನ ನೀರು ಹಾಕಬೇಕು. ಒಟ್ಟು 28 ದಿನ ಬಿಟ್ಟು ಟೈಲ್ ಹಾಕಿದರೆ ಒಳ್ಳೆಯದು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು ಅಂತ ವಾರದೊಳಗೆ ಟೈಲ್ ಕೂರಿಸಿದ ಮನೆಗಳಲ್ಲಿ ಗಿಲಾವು ಒಣಗುತ್ತಾ ಕುಗ್ಗುತ್ತದೆ, ಮೇಲಿನ ಟೈಲ್ ಕುಗ್ಗುವುದಿಲ್ಲ. ಆ ಎಳೆದಾಟದಲ್ಲಿ ಹಿಡಿತ ಬಿಡುತ್ತದೆ.

ಕಿತ್ತು ಬಂದದ್ದರಲ್ಲಿ ಬಣ್ಣದ ಪದರ ಕಂಡರೆ ಹಳೇ ಡಿಸ್ಟೆಂಪರ್ ಮೇಲೋ ಪುಟ್ಟಿ ಮೇಲೋ ಟೈಲ್ ಹಾಕಿದ್ದಾರೆ ಅಂತ ತಿಳಿಯಿರಿ. ಬಣ್ಣ ಗೋಡೆಯನ್ನು ಎಷ್ಟು ಹಿಡಿದಿದೆಯೋ ಟೈಲೂ ಅಷ್ಟೇ ಹಿಡಿಯುತ್ತದೆ. ಬಣ್ಣ, ಪುಟ್ಟಿ ಎಲ್ಲ ಕೆರೆದು, ಗೋಡೆಗೆ ಕಚ್ಚು ಹೊಡೆದು, ಧೂಳು ತೊಳೆದೇ ಮುಂದಿನ ಕೆಲಸ. ಈಚಿನ ಫ್ಲಾಟುಗಳಲ್ಲಿ ಜಿಪ್ಸಮ್ ಗಿಲಾವು ಇರುತ್ತದೆ. ಅದರ ಮೇಲೆ ನೇರವಾಗಿ ಸಿಮೆಂಟಿನ ಗಮ್ ಹಚ್ಚಿ, ತೇವವೂ ಸೇರಿದರೆ ಎರಡೂ ರಾಸಾಯನಿಕವಾಗಿ ಕೂಡಿ ಹಿಗ್ಗುತ್ತವೆ, ಟೈಲನ್ನು ಹೊರಗೆ ತಳ್ಳುತ್ತವೆ. ಅಲ್ಲಿ ಮೊದಲು ಪ್ರೈಮರ್ ಬೇಕು. ನೀರು ಬೀಳುವ ಗೋಡೆಯಾದರೆ ಜಿಪ್ಸಮ್ಮನ್ನೇ ತೆಗೆಸುವುದು ಮೇಲು.

ಮೈಸೂರಿನ ಹಳೇ ಅಗ್ರಹಾರದ ಮನೆಗಳು, ಮಂಡ್ಯ ಜಿಲ್ಲೆಯ ಹಳ್ಳಿಗಳ ಹೆಂಚಿನ ಮನೆಗಳು ಬೇರೆಯೇ ಲೆಕ್ಕ. ಅಲ್ಲಿ ಸುಣ್ಣದ ಗಾರೆ ಅಥವಾ ಮಣ್ಣಿನ ಗೋಡೆ. ಅವು ತೇವವನ್ನು ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತವೆ. ಅದರ ಮೇಲೆ ಭಾರದ ವಿಟ್ರಿಫೈಡ್ ಹಾಕಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಪುಡಿಯಾಗುತ್ತದೆ. ಅಂಥ ಮನೆಯಲ್ಲಿ ಟೈಲ್ ಬೇಕೇ ಬೇಕು ಅಂದರೆ ನೀರು ಸಿಡಿಯುವಷ್ಟು ಎತ್ತರಕ್ಕೆ ಮಾತ್ರ ಹಾಕಿಸಿ. ಸಣ್ಣ, ಹಗುರ ಸೆರಾಮಿಕ್ ಆರಿಸಿ. ಸಡಿಲ ಗಾರೆ ತೆಗೆದು, ಗೋಡೆಗೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಬಿಗಿದು ಗಿಲಾವು ಮಾಡಿಸಿ. ಆ ಮನೆಗಳ ಸುಣ್ಣದ ಗೋಡೆ ಹಾಗೇ ಉಳಿದರೂ ಚೆಂದ ಅನ್ನುವುದು ನನ್ನ ಅಭಿಪ್ರಾಯ.

ನೀರು ಎಲ್ಲಿಂದ ಬರುತ್ತಿದೆ

ಬೆನ್ನು ಒದ್ದೆಯಾಗಿದ್ದರೆ, ಮುಗ್ಗಲು ವಾಸನೆ ಬಂದರೆ, ಗೋಡೆಯ ಆಚೆ ಬದಿಯ ಬಣ್ಣ ಉಬ್ಬಿದ್ದರೆ ಅಂಟಿನ ಮಾತು ಆಮೇಲೆ. ಟೈಲ್ ಬಿದ್ದ ಜಾಗದ ಗಿಲಾವಿನ ಮೇಲೋ, ಆಚೆ ಬದಿಯ ಗೋಡೆಯ ಮೇಲೋ ಒಂದು ಪಾಲಿಥಿನ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿ, ಅಂದರೆ ಗೋಡೆ ಕಡೆ ಹನಿ ಇದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿದ್ದರೆ ಅದು ಕೋಣೆಯ ಹಬೆ, ಗಾಳಿ ಆಡಲು ಕಿಟಕಿ ತೆರೆದರೆ ಸಾಕು.

ಒಳಗಿನ ಪೈಪ್ ಸೋರುತ್ತಿದೆಯಾ ಅಂತ ನೋಡಲು ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಫ್ಲಶ್ ಟ್ಯಾಂಕ್ ಸೋರಿದರೂ ಇಳಿಯುತ್ತದೆ, ಅದನ್ನು ಮೊದಲು ನೋಡಿ. ಗೀಸರ್ ಅಥವಾ ಸೋಲಾರ್ ಬಿಸಿನೀರಿನ ಪೈಪ್ ಸೋರಿದರೆ ಗೋಡೆಯ ಆ ಭಾಗ ಮುಟ್ಟಿದಾಗ ಬೆಚ್ಚಗಿರುತ್ತದೆ. ಮಟ್ಟ ಇಳಿದಿಲ್ಲ, ಆದರೂ ಸ್ನಾನ ಆದ ಮೇಲೆ ಮಾತ್ರ ಒದ್ದೆ ಜಾಸ್ತಿಯಾಗುತ್ತದೆ ಅಂದರೆ ನೀರು ಗ್ರೌಟಿನ (ಟೈಲುಗಳ ನಡುವಿನ ಸಂದಿಗೆ ತುಂಬುವ ಮಸಾಲೆ) ಸಂದಿನಿಂದ, ಇಲ್ಲವೇ ನಲ್ಲಿ ಗೋಡೆಯಿಂದ ಹೊರಬರುವ ತೂತಿನ ಸುತ್ತ ಒಳಗೆ ಹೋಗುತ್ತಿದೆ. ನಲ್ಲಿಯ ಸ್ಟೀಲ್ ಮುಚ್ಚಳ ಸರಿಸಿ ನೋಡಿ. ಬಹಳ ಮನೆಗಳಲ್ಲಿ ಅದರ ಹಿಂದೆ ಬರೀ ತೂತು ಇರುತ್ತದೆ. ಸಿಲಿಕಾನ್ ಹಾಕಿ ಮುಚ್ಚಿ.

ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಗದ್ದೆ ಬಯಲಿನ ಪಕ್ಕದ ಮನೆಯವರು ಇನ್ನೊಂದನ್ನು ಗಮನಿಸಬೇಕು. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಗದ್ದೆಗಳು ತುಂಬಿದಾಗ ಗೋಡೆಯ ಕೆಳಭಾಗ ಒದ್ದೆಯಾಗಿ, ನಾಲೆ ನಿಂತ ಮೇಲೆ ಒಣಗುತ್ತದಾ? ಹಾಗಾದರೆ ನೀರು ಪಾಯದಿಂದ ಏರುತ್ತಿದೆ. ಪಾಯದ ಮೇಲೆ ತೇವ ತಡೆಯುವ ಪದರ ಇಲ್ಲ ಅಥವಾ ಹಾಳಾಗಿದೆ. ಇಂಥ ಗೋಡೆಗೆ ಟೈಲ್ ಹೊದಿಸಿದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಮೊದಲು ಹೊರಗೋಡೆಯ ಸುತ್ತ ನೀರು ನಿಲ್ಲದ ಹಾಗೆ ಇಳಿಜಾರು ಮಾಡಿಸಿ, ಗೋಡೆಗೆ ಒತ್ತಿ ಹಾಕಿದ ಮಣ್ಣು ತೆಗೆಸಿ.

ಬಿಳಿ ಕಲೆ ಎರಡು ಥರ

ಬೋರ್ ನೀರು ಬಳಸುವ ಮನೆಯಲ್ಲಿ ಬಿಳಿ ಕಲೆ ಕಂಡರೆ ಗೋಡೆ ಉಪ್ಪು ಉಗುಳುತ್ತಿದೆ ಅಂತ ಗಾಬರಿ ಬೀಳುವುದು ಬೇಡ. ಟೈಲಿನ ಮೈಮೇಲೆ, ನಲ್ಲಿಯ ಸುತ್ತ, ನೀರು ಸಿಡಿಯುವ ಎತ್ತರಕ್ಕೆ ಮಾತ್ರ ಇದ್ದರೆ ಅದು ಗಡಸು ನೀರಿನ ಕಲೆ. ಕಾವೇರಿ ನೀರು ಬರುವ ಮನೆಯಲ್ಲಿ ಇದು ಕಡಿಮೆ. ಆದರೆ ನೀರೇ ಬೀಳದ ಜಾಗದಲ್ಲಿ, ಗ್ರೌಟ್ ಗೆರೆಗಳ ಉದ್ದಕ್ಕೂ ಬಿಳಿ ಪುಡಿ ಹೂ ಬಿಟ್ಟಂತೆ ಎದ್ದು, ಒರೆಸಿದರೂ ವಾರದೊಳಗೆ ಮತ್ತೆ ಬಂದರೆ ಅದು ಒಳಗಿನ ಉಪ್ಪು. ಇಟ್ಟಿಗೆ, ಮರಳು, ಕಲಸಿದ ನೀರು ಇವುಗಳಲ್ಲಿದ್ದ ಉಪ್ಪನ್ನು ತೇವ ಹೊರಗೆ ತರುತ್ತಿದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತೇವದ ಮೂಲ ಹುಡುಕಿ.

ಎರಡಕ್ಕೂ ಆಸಿಡ್ ಸುರಿಯಬೇಡಿ. ಆಸಿಡ್ ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ. ತಿಂಗಳಿಗೊಮ್ಮೆ ಆಸಿಡ್ ಹಾಕಿ ತೊಳೆದ ಬಚ್ಚಲುಗಳಲ್ಲಿ ಗ್ರೌಟ್ ಗುಳಿಬಿದ್ದು, ಅಲ್ಲಿಂದಲೇ ನೀರು ಇಳಿಯಲು ಶುರುವಾಗುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಬಿರುಕು, ಉಬ್ಬು

ಬಿರುಕು ಒಂದೇ ಟೈಲಿನಲ್ಲಿದ್ದರೆ ಪೆಟ್ಟು ಬಿದ್ದಿರಬಹುದು. ನಾಲ್ಕೈದು ಟೈಲ್ ದಾಟಿ ಒಂದೇ ಗೆರೆಯಲ್ಲಿ ಹೋಗಿದ್ದರೆ ಗೋಡೆಯೇ ಸೀಳಿದೆ. ಕಾಂಕ್ರೀಟ್ ಪಿಲ್ಲರ್ ಮತ್ತು ಇಟ್ಟಿಗೆ ಬಿಸಿಲಿಗೆ ಒಂದೇ ರೀತಿ ಹಿಗ್ಗುವುದಿಲ್ಲ. ಅವು ಸೇರುವಲ್ಲಿ ಮೆಶ್ ಹಾಕದೆ ಗಿಲಾವು ಮಾಡಿದರೆ ಬಿರುಕು ಖಂಡಿತ. ಪೆನ್ಸಿಲಿನಿಂದ ಬಿರುಕಿನ ಎರಡೂ ತುದಿಗೆ ಗುರುತು ಹಾಕಿ ತಾರೀಖು ಬರೆದಿಡಿ. ಕೆಲವು ತಿಂಗಳಲ್ಲಿ ಅದು ಉದ್ದವಾಗುತ್ತಾ ಹೋದರೆ ಟೈಲಿನವರಲ್ಲ, ಎಂಜಿನಿಯರ್ ಬಂದು ನೋಡಬೇಕು.

ಎರಡು ಟೈಲ್ ಎದುರುಬದುರು ಒತ್ತಿಕೊಂಡು ಡೇರೆಯಂತೆ ಎದ್ದಿದ್ದರೆ ಹಿಗ್ಗಲು ಸಂದಿಲ್ಲ. ಸ್ಪೇಸರ್ (ಸಂದು ಬಿಡಲು ಟೈಲುಗಳ ನಡುವೆ ಇಡುವ ಪ್ಲಾಸ್ಟಿಕ್ ತುಂಡು) ಇಡದೆ ಒತ್ತೊತ್ತಾಗಿ ಕೂರಿಸಿದ್ದಾರೆ. ಟೈಲುಗಳ ನಡುವೆ 2 ಮಿಲಿಮೀಟರ್ ಸಂದಾದರೂ ಬೇಕು. ಎರಡು ಗೋಡೆ ಸೇರುವ ಮೂಲೆಯಲ್ಲಿ, ಅಡುಗೆ ಕಟ್ಟೆಯ ಗ್ರಾನೈಟ್ ಮತ್ತು ಟೈಲ್ ಸೇರುವಲ್ಲಿ ಗ್ರೌಟ್ ಬೇಡ, ಸಿಲಿಕಾನ್ ತುಂಬಿ. ಅಲ್ಲಿ ಗ್ರೌಟ್ ಎಷ್ಟು ಸಲ ಹಾಕಿದರೂ ಬಿರುಕು ಬಿಡುತ್ತದೆ.

ಹಂಡೆ ಒಲೆ ಇರುವ ಬಚ್ಚಲಲ್ಲಿ ಒಲೆಯ ಹಿಂದಿನ ಟೈಲ್ ಮಾತ್ರ ಸಿಡಿಯುತ್ತಿದ್ದರೆ ಅಂಟನ್ನು ಬದಲಾಯಿಸಿ ಪ್ರಯೋಜನ ಇಲ್ಲ. ದಿನಾ ಕಾಯುತ್ತದೆ, ತಣ್ಣೀರು ಬೀಳುತ್ತದೆ. ಯಾವ ಟೈಲೂ ಅದನ್ನು ತಡೆಯುವುದು ಕಷ್ಟ. ಆ ಭಾಗದ ಟೈಲ್ ತೆಗೆಸಿ ಸಾದಾ ಗಿಲಾವು ಬಿಡಿ, ಒಲೆಯನ್ನು ಗೋಡೆಯಿಂದ ಸ್ವಲ್ಪ ದೂರ ಇಡಿ.

ಗ್ರೌಟ್ ಮಾತ್ರ ಉದುರುತ್ತಿದ್ದು ಟೈಲ್ ಗಟ್ಟಿಯಾಗಿದ್ದರೆ ಸಮಾಧಾನ ಪಡಿ. ಗ್ರೌಟ್ ಬದಲು ಬಿಳಿ ಸಿಮೆಂಟ್ ತುಂಬಿರುತ್ತಾರೆ ಅಥವಾ ನೀರು ಜಾಸ್ತಿ ಹಾಕಿ ಕಲಸಿರುತ್ತಾರೆ. ಹಳೆಯದನ್ನು ಕೆರೆದು ಹೊಸದು ತುಂಬಿ. ಶವರ್ ಗೋಡೆಗೆ ಎಪಾಕ್ಸಿ ಗ್ರೌಟ್ ದುಬಾರಿ, ಆದರೆ ಅಲ್ಲಿ ಅದೇ ಸರಿ.

ಒಂದು ಟೈಲ್ ತೆಗೆದು ಹಾಕುವಾಗ

ಕಾರಣ ಗೊತ್ತಾಗಿ, ಅದು ಸರಿಯಾದ ಮೇಲೆ ಈ ಕೆಲಸ. ಆ ಗೋಡೆಯೊಳಗೆ ವೈರ್ ಇದ್ದರೆ ಎಂಸಿಬಿ ಆರಿಸಿ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ, ಗ್ರೈಂಡರಿನಿಂದ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸುತ್ತಲಿನ ಗ್ರೌಟನ್ನು ಮೊದಲು ಪೂರ್ತಿ ಕೆರೆದು ತೆಗೆಯಿರಿ. ಇದನ್ನು ಬಿಟ್ಟರೆ ಪಕ್ಕದ ಟೈಲ್ ಅಂಚು ಒಡೆಯುತ್ತದೆ. ಆಮೇಲೆ ತೆಗೆಯುವ ಟೈಲಿನ ನಡುವಿನಿಂದ ಉಳಿ ಇಟ್ಟು ಅಂಚಿನ ಕಡೆಗೆ ಒಡೆಯುತ್ತಾ ಬನ್ನಿ. ಅಂಚಿನಿಂದ ಒಳಕ್ಕೆ ಎಂದೂ ಮೀಟಬೇಡಿ. ಹಳೇ ಅಂಟನ್ನು ಗಿಲಾವಿನ ತನಕ ಕೆರೆದು, ಧೂಳು ಒರೆಸಿ.

ಗಮ್ ಪುಡಿಯನ್ನು ನೀರಿಗೆ ಹಾಕಿ ಕಲಸಿ, ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಗೋಡೆಗೆ ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೆರೆ ಎಳೆಯಿರಿ, ಟೈಲಿನ ಬೆನ್ನಿಗೂ ತೆಳ್ಳಗೆ ಸವರಿ. ಟೈಲ್ ಇಟ್ಟು ಗೆರೆಗೆ ಅಡ್ಡಲಾಗಿ ಸ್ವಲ್ಪ ಆಚೆ ಈಚೆ ಸರಿಸುತ್ತಾ ಒತ್ತಿ, ಆಗ ನಡುವಿನ ಗಾಳಿ ಹೊರಗೆ ಹೋಗುತ್ತದೆ. ಕೂರಿಸಿದ ಮೊದಲ ಟೈಲನ್ನು ಕೂಡಲೇ ಕಿತ್ತು ಬೆನ್ನು ನೋಡಿ. ಗಮ್ ಮೂಲೆ ತನಕ ಹತ್ತಿದ್ದರೆ ಮತ್ತೆ ಗಮ್ ಸವರಿ ಕೂರಿಸಿ, ಇಲ್ಲದಿದ್ದರೆ ದೊಡ್ಡ ಹಲ್ಲಿನ ಕರಣೆ ತೆಗೆದುಕೊಳ್ಳಿ. ಟೈಲ್ ಕೆಳಗೆ ಜಾರುತ್ತಿದ್ದರೆ ಗಮ್ ನೀರಾಗಿದೆ. ಸ್ಪೇಸರ್ ಇಟ್ಟು ಟೇಪ್ ಹಾಕಿ ಹಿಡಿಸಿ.

ಬದಲಿ ಟೈಲ್ ಅಂಗಡಿಯಲ್ಲಿ ಸಿಗುವುದು ಕಷ್ಟ. ನಮ್ಮ ದೇಶದ ಬಹುಪಾಲು ಟೈಲ್ ಗುಜರಾತಿನ ಮೋರ್ಬಿಯಿಂದ ಬರುತ್ತದೆ, ಅದೇ ಡಿಸೈನ್ ಆದರೂ ಬ್ಯಾಚ್ ಬದಲಾದರೆ ಬಣ್ಣ ಒಂದು ಚೂರು ಬದಲು. ಹೊಸದಾಗಿ ಕೊಳ್ಳುವವರು ಒಂದು ಪೆಟ್ಟಿಗೆ ಜಾಸ್ತಿ ತೆಗೆದು, ಶೇಡ್ ನಂಬರ್ ಇರುವ ಬದಿಯ ಸಮೇತ ಅಟ್ಟದ ಮೇಲೆ ಇಟ್ಟುಕೊಳ್ಳಿ.

ಟೈಲ್ ಕೂರಿಸಿ 24 ಗಂಟೆ ಕಳೆದ ಮೇಲೆ ಗ್ರೌಟ್ ತುಂಬಿ. ಆ ಗೋಡೆಗೆ ನೀರು ತಗಲಿಸುವ ಮೊದಲು ಗ್ರೌಟ್ ಪೊಟ್ಟಣದ ಮೇಲೆ ಬರೆದಿರುವಷ್ಟು ಹೊತ್ತು ಬಿಡಿ. ಮನೆಯಲ್ಲಿ ಒಂದೇ ಬಚ್ಚಲಿದ್ದರೆ ಸ್ನಾನಕ್ಕೆ ಪಕ್ಕದ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.